ಪಾದ ತೊಳೆಸಿಕೊಳ್ಳಲು ಬೇಕಾದ ಅರ್ಹತೆ

ಪಾದ ತೊಳೆಸಿಕೊಳ್ಳುವುದು ಜವಾಬ್ದಾರಿಯುತ ಹುದ್ದೆಯೆಂದು ನಮ್ಮ ಚರ್ಚಿನ ಪಾಲನಾ ಸಮಿತಿ ಈ ವರ್ಷ ಅಧಿಕೃತವಾಗಿ ಗುರುತಿಸಿತು. ಹಿಂದೆಲ್ಲ ಅದಕ್ಕೆ ಎರಡು ಕಾಲಿದ್ದರೆ ಸಾಕಾಗಿತ್ತು.

ಪ್ರಭು ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ, ಶುಭ ಶುಕ್ರವಾರದ ಹಿಂದಿನ ಸಂಜೆ ಪಾದ್ರಿಗಳು ಹನ್ನೆರಡು ಜನರನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಿಯೂರಿ, ಅವರ ಪಾದ ತೊಳೆದು ಒರೆಸಿ ಮುತ್ತಿಡುತ್ತಾರೆ. ಯಾರು ಕೂರಬೇಕೆಂಬುದು ಬೀದಿಯ ಸರದಿ. ಈ ಸಲ ಕೆಳಗಿನ ಬೀದಿಯದು, ಅದರಲ್ಲೂ ಚರಂಡಿ ಮಾಮನದು.

ಚರಂಡಿ ಮಾಮ ಎಂದರೆ ಊರಿನ ಚರಂಡಿ ಕಟ್ಟಿಕೊಂಡಾಗ ಒಳಗಿಳಿಯುವವನು. ಊರೆಲ್ಲ ಅವನನ್ನು ಬಾಯ್ತುಂಬ ಮಾಮ ಎನ್ನುತ್ತದೆ, ಸ್ವಲ್ಪ ದೂರ ನಿಂತು. ಅಂಗಡಿಯವನು ಪೊಟ್ಟಣವನ್ನು ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಆಚೆ ನೋಡುತ್ತಾನೆ. ಚರ್ಚಿನ ಬೆಂಚಿನಲ್ಲಿ ಅವನ ಪಕ್ಕ ಒಬ್ಬರಿಗಾಗುವಷ್ಟು ಜಾಗ ಬಿಡುವುದು ರೂಢಿ. ಅದು ಕಾವಲು ದೂತನ ಜಾಗವೆಂದು ಮಕ್ಕಳಿಗೆ ಕಲಿಸಿದ್ದೇವೆ. ಹೀಗಿರುವಾಗ, ಇನ್ನೊಬ್ಬ ಮನುಷ್ಯ ತನ್ನ ಕಾಲನ್ನು ಎಲ್ಲರೆದುರು ಕೈಯಲ್ಲಿ ಹಿಡಿದುಕೊಳ್ಳುವ ಆ ಒಂದು ಗಳಿಗೆಗಾಗಿ ಮಾಮ ವರ್ಷಗಟ್ಟಲೆ ಕಾದಿದ್ದ. ಹೊಸ ಪ್ಯಾಂಟು ಹೊಲಿಸಿದ್ದ. ಅವನ ಹೆಂಡತಿ, ಅಂದರೆ ನಮಗೆಲ್ಲ ಅತ್ತೆ, ಸಿಕ್ಕವರ ಮುಂದೆಲ್ಲ ಅವನ ಕಾಲೆಳೆಯುತ್ತಿದ್ದಳು. "ಮದುವೆಗೂ ಇಷ್ಟು ಸಿಂಗಾರ ಮಾಡ್ಕೊಂಡಿರ್ಲಿಲ್ಲ ಈ ಮನುಷ್ಯ. ಈಗ ಕಾಲಿಗೆ ಮದುವೆಯಂತೆ."

ಅದೇ ತಿಂಗಳು ಪುರಸಭೆಯ ಚುನಾವಣೆ ಬಂತು.

ಹಾಲಿ ಸದಸ್ಯರು ಹೇಳಿ ಕಳಿಸಿದರು: ತಾವು ಎಲ್ಲ ಧರ್ಮಗಳ ಮುಂದೆ ತಲೆ ಬಾಗಿಸಿದವರು, ಈ ಸಲ ಕಾಲು ಚಾಚುವುದಕ್ಕೂ ಸಿದ್ಧ. ಚರ್ಚಿನ ಹೊಸ ಸಭಾಂಗಣದ ಪರವಾನಗಿ ಅವರ ಮೇಜಿನ ಮೇಲೆ ಬಹಳ ದಿನದಿಂದ ಮಲಗಿದ್ದುದರಿಂದ ಸಮಿತಿ ಇದರಲ್ಲಿ ದೇವರ ಚಿತ್ತವನ್ನು ಕಂಡಿತು. ಮಾರನೆಯ ದಿನ ಮಾಜಿ ಸದಸ್ಯರೂ ಹೇಳಿ ಕಳಿಸಿದರು. ಆ ಮೇಜಿಗೆ ನಾಳೆ ಅವರೇ ಬಂದು ಕೂತರೆ? ದೇವರ ಚಿತ್ತ ಎರಡು ಕಡೆಯೂ ಇರುವ ಸಾಧ್ಯತೆಯನ್ನು ಸಮಿತಿ ತಳ್ಳಿಹಾಕಲಿಲ್ಲ. ಹಾಲಿಯವರ ಕಡೆಗೆ ಐದು ಕುರ್ಚಿ, ಮಾಜಿಯವರ ಕಡೆಗೆ ಐದು. ಮೇಲ್ವಿಚಾರಣೆಯನ್ನು ಕೂತೇ ಮಾಡಬೇಕಾದ ಕಾರಣ ಕಾರ್ಯದರ್ಶಿಗಳಿಗೆ ಒಂದು. ಪಾದ್ರಿಗಳು ಗಂಟಲು ಸರಿಮಾಡಿಕೊಂಡು ಬಡವರ ವಿಷಯ ಎತ್ತಿದ್ದರಿಂದ, ಉಳಿದ ಒಂದನ್ನು 'ಬಡವರ ಪ್ರತಿನಿಧಿ'ಗೆ ಮೀಸಲಿಡಲಾಯಿತು. ಕೆಳಗಿನ ಬೀದಿಯ ಹನ್ನೆರಡು ಕುರ್ಚಿಗಳು ಸೇರಿ ಒಂದಾಗಿ, ಆ ಒಂದು ಮಾಮನಿಗೆ ಸಿಕ್ಕಿತು.

ಆಮೇಲೆ ಚರ್ಚಿನ ಬಾಗಿಲಿಗೆ ಪ್ರಕಟಣೆ ಬಿತ್ತು.

'ತೊಳೆಯಲ್ಪಡುವ ಪಾದಗಳು ಮುಂಚಿತವಾಗಿ ತೊಳೆಯಲ್ಪಟ್ಟಿರತಕ್ಕದ್ದು. ಹಿಮ್ಮಡಿ ಒಡೆದಿರಬಾರದು. ಉಗುರಿನ ಸಂದಿಯಲ್ಲಿ ವೃತ್ತಿಯ ಗುರುತು ಕಾಣಬಾರದು. ಕಚಗುಳಿಯಾಗುವವರು ಮೊದಲೇ ತಿಳಿಸತಕ್ಕದ್ದು. ಪಾದಗಳ ಪೂರ್ವಪರಿಶೀಲನೆ ಬುಧವಾರ.'

ಬುಧವಾರದ ಹೊತ್ತಿಗೆ ಮಾಮ ಇಟ್ಟಿಗೆ ಚೂರಿನಿಂದ ಹಿಮ್ಮಡಿ ಉಜ್ಜಿ ಉಜ್ಜಿ ಕುಂಟುತ್ತಿದ್ದ. ಆದರೂ ಬಿರುಕಿನೊಳಗಿನ ಕಪ್ಪು ಜಗ್ಗಿರಲಿಲ್ಲ. ಕಾರ್ಯದರ್ಶಿಗಳು ಮೂಗಿಗೆ ಕರವಸ್ತ್ರ ಹಿಡಿದು, ಬಗ್ಗಿ, ಟಾರ್ಚು ಬಿಟ್ಟು ನೋಡಿದರು.

"ಇದು ಕೊಳೆ," ಎಂದರು.

"ಹೌದು ಸಾರ್. ಅದಕ್ಕೇ ತೊಳೀತಾರೆ ಅನ್ಕೊಂಡಿದ್ದೆ."

"ತೊಳೆಯೋದು ಅಂದ್ರೆ ಕೊಳೆ ತೆಗೆಯೋದಲ್ಲ ಮಾಮ. ಅದೊಂದು ಸಂಕೇತ."

"ಸಂಕೇತಕ್ಕೂ ಕಾಲು ಬೇಕಲ್ವಾ ಸಾರ್?"

"ಬೇಕು. ಇಂಥದ್ದಲ್ಲ."

ಬಡವರ ಕುರ್ಚಿ ಹೀಗೆ ತೆರವಾಯಿತು. ಅದಕ್ಕೆ ಹಾಲಿಯವರ ಭಾವಮೈದುನ, ರಸ್ತೆ ಗುತ್ತಿಗೆದಾರರು, ಮುಂದೆ ಬಂದರು. ತಾವು ಆತ್ಮದಲ್ಲಿ ಬಡವರೆಂದು ಎದೆ ಮುಟ್ಟಿ ಹೇಳಿದರು. ಆತ್ಮದ ಆಸ್ತಿಪಾಸ್ತಿ ಪರಿಶೀಲಿಸುವ ವ್ಯವಸ್ಥೆ ಸಮಿತಿಯಲ್ಲಿ ಇಲ್ಲದ್ದರಿಂದ ಒಪ್ಪಲಾಯಿತು. ಇದರಿಂದ ಸಮತೋಲನ ಕೆಟ್ಟಿತೆಂದು ಮಾಜಿಯವರು ಸಿಡುಕಿದಾಗ, ಗುತ್ತಿಗೆದಾರರ ಬಲಗಾಲು ಆಡಳಿತ ಪಕ್ಷಕ್ಕೂ ಎಡಗಾಲು ವಿರೋಧ ಪಕ್ಷಕ್ಕೂ ಸೇರಿದ್ದೆಂದು ರಾಜಿಯಾಯಿತು. ಗುತ್ತಿಗೆದಾರರು ತಮ್ಮದೇನೂ ಅಭ್ಯಂತರವಿಲ್ಲ, ರಸ್ತೆಯನ್ನೂ ತಾವು ಹಾಗೇ ಹಂಚಿಕೊಂಡು ಮಾಡುವುದು ಎಂದರು.

ಗುರುವಾರ ಚರ್ಚು ಕಿಕ್ಕಿರಿದಿತ್ತು. ಮಾಮ ಹೊಸ ಪ್ಯಾಂಟು ಹಾಕಿಕೊಂಡೇ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಪಾದ್ರಿಗಳು ಮಂಡಿಯೂರಿ, ಸುವಾಸನೆ ಬೀರುತ್ತಿದ್ದ ಪಾದಗಳನ್ನು ಒಂದೊಂದಾಗಿ ತೊಳೆಯುತ್ತ ಕೊನೆಯ ಕುರ್ಚಿಗೆ ಬಂದಾಗ, ಹಾಲಿಯವರು ಎದ್ದು ಅವರ ಕೈಯಿಂದ ಹೂಜಿ ಇಸಿದುಕೊಂಡರು. ಬಡವರ ಸೇವೆ ತಾವೇ ಮಾಡುವುದಾಗಿ ಕ್ಯಾಮೆರಾಕ್ಕೆ ತಿಳಿಸಿ ಭಾವಮೈದುನನ ಬಲಗಾಲು ತೊಳೆದರು. ಮಾಜಿಯವರು ಸುಮ್ಮನಿರುತ್ತಾರೆಯೇ, ಅವರು ಎಡಗಾಲು ತೊಳೆದರು. ಎರಡು ಕಡೆಯ ಬೆಂಬಲಿಗರೂ ಪೈಪೋಟಿಗೆ ಬಿದ್ದು ಹೂವಿನ ಎಸಳು ಎರಚಿದರು. ಎಸಳೆಲ್ಲ ಪೀಠದ ಪಕ್ಕದ ನೀರು ಹೋಗುವ ತೂತಿಗೆ ಸೇರಿಕೊಂಡವು. ಚರಂಡಿ ಕಟ್ಟಿತು. ತೊಳೆದ ನೀರು, ಜೊತೆಗೆ ತೊಳೆಯದ ನೀರು ಕೂಡ, ಗುಳುಗುಳು ಎನ್ನುತ್ತ ಮೇಲೆ ಬಂದು ಹನ್ನೆರಡು ಜೊತೆ ಪವಿತ್ರ ಪಾದಗಳ ಕಡೆಗೆ ಹೊರಟಿತು.

ಸಭೆಯಲ್ಲಿದ್ದವರೆಲ್ಲ ಒಟ್ಟಿಗೆ ಹಿಂದಿನ ಬೆಂಚಿನ ಕಡೆ ತಿರುಗಿದೆವು. ಮಾಮನನ್ನು ನಾವು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು.

ಮಾಮ ಪ್ಯಾಂಟು ಮಡಚಿ ಪಕ್ಕದ ಬಾಗಿಲಾಚೆಯ ಗುಂಡಿಗೆ ಇಳಿದ. ನೀರು ಸರ್ರನೆ ಇಳಿಯಿತು. ಮಂಡಿಯವರೆಗೆ ಕಪ್ಪಾಗಿ ಮೇಲೆ ಬಂದು ಅವನು ಬಾಗಿಲಲ್ಲಿ ನಿಂತಾಗ, ಪಾದ್ರಿಗಳು ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡು ಅವನತ್ತ ಹೆಜ್ಜೆ ಹಾಕಿದರು. ಹೂಜಿ ನೋಡಿದರು. ಹಾಲಿ, ಮಾಜಿ ಇಬ್ಬರೂ ಸೇರಿ ಅದನ್ನು ಬರಿದು ಮಾಡಿದ್ದರು.

"ಇನ್ನೊಂದು ಹೂಜಿ ನೀರು ಸಿಗುತ್ತಾ?" ಎಂದು ಕೇಳಿದರು.

ಕಾರ್ಯದರ್ಶಿಗಳು ಕುರ್ಚಿಯಿಂದಲೇ, ತಮ್ಮ ಪಾದ ಒಣಗಿಸಿಕೊಳ್ಳುತ್ತ, "ಹನ್ನೆರಡಾಯ್ತು ಫಾದರ್," ಎಂದರು.

ಪಾದ್ರಿಗಳು ತಲೆ ತಗ್ಗಿಸಿ ನಿಂತರು. ಅದನ್ನು ಪ್ರಾರ್ಥನೆಯೆಂದು ಭಾವಿಸಿ ನಾವೂ ತಗ್ಗಿಸಿದೆವು.

"ಪರವಾಗಿಲ್ಲ ಫಾದರ್, ನೀರೀಗ ಸಲೀಸಾಗಿ ಹೋಗ್ತಿದೆ," ಎಂದು ಮಾಮನೇ ಸಮಾಧಾನ ಹೇಳಿದ.

ಅತ್ತೆ ಎದ್ದು ಬಂದು ಅವನ ರಟ್ಟೆ ಹಿಡಿದು ಅಂಗಳದ ನಲ್ಲಿಯ ಹತ್ತಿರ ಕರೆದೊಯ್ದಳು. ಕಟ್ಟೆಯ ಮೇಲೆ ಕೂರಿಸಿ, ಅವನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೊಸ ಪ್ಯಾಂಟು ಹಾಳಾದದ್ದಕ್ಕೆ ಬಾಯಿಗೆ ಬಂದಂತೆ ಬೈಯುತ್ತ ಬೆರಳು ಬೆರಳಿನ ಸಂದಿಯನ್ನೂ ಬಿಡದೆ ತೊಳೆದಳು. ಕಿಟಕಿಯಿಂದ ಎಲ್ಲರೂ ನೋಡಿದೆವು. ಮಾಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ.

ಆರಾಧನೆಯ ಹೊತ್ತಿನಲ್ಲಿ ಚರ್ಚಿನ ಆವರಣದೊಳಗೆ ಅನಧಿಕೃತ ಪಾದ ತೊಳೆತ ನಡೆದ ಬಗ್ಗೆ ಸಮಿತಿ ಅತ್ತೆಯನ್ನು ಕರೆಸಿ ವಿಚಾರಣೆ ನಡೆಸಿತು.

"ಕಾಲು ಕೊಳೆಯಾಗಿತ್ತು, ತೊಳೆದೆ," ಎಂದಳು ಅತ್ತೆ. "ನೀವ್ಯಾಕೆ ತೊಳೆದ್ರಿ?"

ಆ ಪ್ರಶ್ನೆ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಮಾನವಾಯಿತು. ಕಾಲು ಕೊಳೆಯಾಗಿರುವುದು ಕಾಲು ತೊಳೆಯಲು ಕಾರಣವೆಂದು ಯಾವ ನಿಯಮವೂ ಹೇಳುವುದಿಲ್ಲವಾದರೂ, ಸಮಿತಿ ಉದಾರವಾಗಿ ಹೊಸ ನಿಯಮವನ್ನೇ ಮಾಡಿತು. ಭಾನುವಾರ ಕಾರ್ಯದರ್ಶಿಗಳು ಅದನ್ನು ಎಲ್ಲರ ಮುಂದೆ ಓದಿದರು: ಮುಂದಿನ ವರ್ಷದಿಂದ ಭಕ್ತಿಯ ಕಾರಣಕ್ಕೆ ಪಾದ ತೊಳೆಸಿಕೊಳ್ಳುವವರು ಕುರ್ಚಿಗೂ, ಕೊಳೆಯ ಕಾರಣಕ್ಕೆ ತೊಳೆಸಿಕೊಳ್ಳುವವರು ಅಂಗಳದ ನಲ್ಲಿಗೂ ಹೋಗತಕ್ಕದ್ದು. ನಲ್ಲಿಯ ಬಳಿ ತೊಳೆಯಲು ಅತ್ತೆಯನ್ನು ನೇಮಿಸಲಾಗಿದೆ, ಗೌರವ ಹುದ್ದೆ.

ಹಿಂದಿನ ಬೆಂಚಿನಿಂದ ಮಾಮ ಎದ್ದು ನಿಂತ.

"ಅಲ್ಲೂ ಕಾಲು ಪರೀಕ್ಷೆ ಇರುತ್ತಾ ಸಾರ್?"

"ಇರಲೇಬೇಕಲ್ಲ. ಕೊಳೆ ಇಲ್ದೋರನ್ನ ಬಿಡೋದಿಲ್ಲ."

"ಹಾಗಾದ್ರೆ ನಾನು ಪಾಸು," ಎಂದು ಮಾಮ ನೆಮ್ಮದಿಯಾಗಿ ಕೂತ. ನಾವೆಲ್ಲ ಆಮೆನ್ ಎಂದೆವು.