ಭಿಕ್ಷುಗಳ ಊಟ, ಅಜ್ಜಿಯ ಒಪ್ಪಿಗೆ

ಬುದ್ಧನ ದಾರಿ ಹಿಡಿದರೆ ದುಃಖ ಕಡಿಮೆಯಾಗುತ್ತದೆ ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಎಪ್ಪತ್ತರ ದಶಕದಲ್ಲಿ ಮದ್ದೂರಿನಲ್ಲಿ ಮೇಷ್ಟ್ರಾಗಿದ್ದ ನಾನು ಆ ದಾರಿಯಲ್ಲೇ ಮದುವೆಯಾಗಲು ಹೊರಟೆ ನೋಡಿ, ಅಲ್ಲಿಂದ ಒಂದಾದ ಮೇಲೊಂದು ತಾಪತ್ರಯ.

೧

ಹುಡುಗಿ ಹಲಗೂರಿನವಳು, ಅವಳೂ ನನ್ನ ಹಾಗೇ ಬುದ್ಧನ ದಾರಿ ಮೆಚ್ಚಿದವಳು. ಅವಳಪ್ಪನೂ ಒಪ್ಪಿದರು. ಒಪ್ಪದವರು ಅವಳಜ್ಜಿ. ಅವರು ಹೂಂ ಅನ್ನದೆ ಆ ಮನೆಯಿಂದ ಹುಡುಗಿ ಹೊಸ್ತಿಲು ದಾಟುವಂತಿರಲಿಲ್ಲ.

ಬೌದ್ಧ ಭಿಕ್ಷುಗಳೇ ಮದುವೆ ಮಾಡಿಸಲಿ ಎಂದು ಬೆಂಗಳೂರಿಗೆ ಹೋಗಿ ಕೇಳಿದೆ. ಅಲ್ಲಿನ ಹಿರಿಯ ಭಿಕ್ಷುಗಳೊಬ್ಬರು ನಕ್ಕು, "ಮದುವೆ ಸಂಸಾರಿಗಳ ವ್ಯವಹಾರ, ನಮ್ಮದಲ್ಲ. ರಿಜಿಸ್ಟರ್ ಮಾಡಿಸಿಕೊಳ್ಳಿ. ಆಮೇಲೆ ಬಂದು ಹರಸಿ, ನಾಲ್ಕು ಮಾತು ಹೇಳುತ್ತೇನೆ" ಅಂದರು.

ಹಲಗೂರಿಗೆ ಹೋಗಿ, ಮಂತ್ರ ಇಲ್ಲ, ಹೋಮ ಇಲ್ಲ, ರಿಜಿಸ್ಟ್ರಾರ್ ಆಫೀಸಿನಲ್ಲಿ ಸೈನು ಅಂದೆ. ಅಜ್ಜಿ ಎಲಡಿಕೆ ಉಗಿದು ಬಂದು ಕೇಳಿದರು: "ಅಲ್ಲಿ ಗದ್ದೆ ಬರುಸ್ಕತಾರೆ ಕಣಪ್ಪ. ನನ್ ಮೊಮ್ಮಗಳ್ಗೂ ಮೂಡ್ಲಾಗೆ ಯಾರು, ಪಡುವಲಾಗೆ ಯಾರು ಅಂತ ಚೆಕ್ಕುಬಂದಿ ಬರುಸ್ತೀಯಾ?"

೨

ಮಾವನವರ ಒತ್ತಾಯಕ್ಕೆ ಸೈನೇನೋ ಹೇಗೋ ಆಯಿತು, ಹುಡುಗಿ ಮಾತ್ರ ಇನ್ನೂ ತವರಿನಲ್ಲೇ. "ಸಾಮಿಗಳು ಅರ್ಸೋದ ಕಣ್ಣಾರೆ ನೋಡ್ತೀನಿ. ಮನ್ಸಿಗ್ ಬರ್ನಿಲ್ವಾ, ಮೊಮ್ಮಗಳ್ನ ವಾಪಸ್ ಕರ್ಕಂಡ್ ಓಯ್ತೀನಿ" ಎಂದು ಅಜ್ಜಿಯ ಪಟ್ಟು.

ಮದ್ದೂರಿನ ಛತ್ರದಲ್ಲಿ ಶುಕ್ರವಾರ ಹತ್ತು ಗಂಟೆಗೆ ಇಟ್ಟುಕೊಂಡೆವು. ಭಿಕ್ಷುಗಳು ಮಧ್ಯಾಹ್ನ ಹನ್ನೆರಡರ ಮೇಲೆ ಊಟ ಮಾಡುವುದಿಲ್ಲ, ಅದಕ್ಕೇ ಬೆಳಿಗ್ಗೆ. ಮುಹೂರ್ತ ನೋಡುವುದಿಲ್ಲ ಎಂದು ಮಾವನವರಿಗೆ ಹತ್ತು ಸಲ ಹೇಳಿದ್ದೆ. "ಮೂರ್ತ ಬ್ಯಾಡ ಬುಡಿ" ಅಂದಿದ್ದರು.

ಹತ್ತಾಯಿತು, ಹನ್ನೊಂದಾಯಿತು, ಹೆಣ್ಣಿನ ಕಡೆಯವರೇ ಪತ್ತೆ ಇಲ್ಲ. ಅಡುಗೆಯವನು ಬೇರೆ, ಹೆಣ್ಣು ಬರದೆ ಎಲೆ ಹಾಕಲ್ಲ ಎಂದು ಸೌಟು ಹಿಡಿದು ಕೂತ. ಭಿಕ್ಷುಗಳು ಗಡಿಯಾರ ನೋಡಿದರು, ನಾನು ರಸ್ತೆ ನೋಡಿದೆ. ಹನ್ನೆರಡು ಹೊಡೆದ ಮೇಲೆ ಬಸ್ಸು ಬಂತು. ಮಾವನವರು ಇಳಿದು ಹಲ್ಲು ಕಿರಿದರು.

"ಅತ್ತೂವರೆಗೇ ಬಂದ್ವು ಅಳಿಯಂದ್ರೆ. ರಾಹುಕಾಲ ಕಳೀಲಿ ಅಂತ ಊರಾಚೆ ಬಸ್ಸು ನಿಲ್ಲುಸ್ಕಂಡು ಕುಂತಿದ್ವು. ಮೂರ್ತ ಬ್ಯಾಡ ಅಂದ್ರಿ, ರಾಹುಕಾಲ ಬ್ಯಾಡ ಅಂದಿದ್ರಾ?"

೩

ಭಿಕ್ಷುಗಳು ಹಸಿದ ಹೊಟ್ಟೆಯಲ್ಲೇ ಪಂಚಶೀಲ ಹೇಳಿಸಿ ಹರಸಿದರು. ಎದುರಿಗೇ ಕೂತ ಅಜ್ಜಿಯ ಮುಖ ಗಂಟು. ತಾಳಿ ಇಲ್ಲ, ವಾಲಗ ಇಲ್ಲ. "ಏಳವ್ವ, ಓಗವ" ಎಂದು ಮೊಮ್ಮಗಳ ಕೈ ಹಿಡಿದೇಬಿಟ್ಟರು.

ಭಿಕ್ಷುಗಳು ನನ್ನ ಕಡೆ ತಿರುಗಿದರು. "ಗಂಡನಿಗೆ ಬುದ್ಧ ಹೇಳಿದ ಕರ್ತವ್ಯ ಐದು. ಹೆಂಡತಿಯನ್ನು ಗೌರವಿಸಬೇಕು. ಹೀನಾಯವಾಗಿ ಕಾಣಬಾರದು. ಬೇರೆ ಹೆಣ್ಣಿನ ಹತ್ತಿರ ಸುಳಿಯಬಾರದು. ಮನೆಯ ಯಜಮಾನಿಕೆ ಅವಳಿಗೆ ಬಿಟ್ಟುಕೊಡಬೇಕು. ಒಡವೆ ಮಾಡಿಸಿಕೊಡಬೇಕು."

ಅಜ್ಜಿ ನಿಂತಲ್ಲೇ ನಿಂತರು. "ಇನ್ನೊಂದ್ ಕಿತ ಜೋರಾಗಿ ಯೋಳಿ ಸಾಮಿ."

ಭಿಕ್ಷುಗಳು ಹೇಳಿದರು. ಅಜ್ಜಿ ಮೊಮ್ಮಗಳ ಕೈ ಬಿಟ್ಟರು. ಹಿಂದೆ ತೂಕಡಿಸುತ್ತಿದ್ದ ತಮ್ಮ ಗಂಡನನ್ನು ರಟ್ಟೆ ಹಿಡಿದು ಎಳೆತಂದು ಭಿಕ್ಷುಗಳ ಮುಂದೆ ಕೂರಿಸಿ, ಪಕ್ಕದಲ್ಲಿ ತಾವೂ ಸೆರಗು ಹೊದ್ದು ಕೂತರು.

"ನಮ್ ಮದ್ವೆಲಿ ಈವಯ್ಯಂಗೆ ಇದ್ನೆಲ್ಲ ಯಾರೂ ಯೋಳೇ ಇಲ್ಲ ಸಾಮಿ. ನಮ್ಗೂ ಒಂದ್ ಮಾಡ್ಬುಡಿ!"