ಹನ್ನೆರಡು ವರ್ಷ ಮಲಗಬೇಕಾದ ಬಾಟಲಿ

ಗೊತ್ತಿಲ್ಲದ ವಿಷಯಕ್ಕೂ ಗೊತ್ತಿದ್ದವನಂತೆ ತಲೆಯಾಡಿಸುವುದು ನನ್ನ ಹಳೆಯ ಚಟ. ಸಂಗೀತ ಕಚೇರಿಯಲ್ಲಿ ತಾಳ ತಪ್ಪಿ ತಲೆದೂಗಿದ್ದೇನೆ. ಕಾರಿನ ಬಾನೆಟ್ ಎತ್ತಿ ಮೆಕ್ಯಾನಿಕ್ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ್ದೇನೆ. ಹಾಗಾಗಿ ನಮ್ಮ ಜೆ.ಪಿ. ನಗರದ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಪ್ರತೀಕ ಆಫೀಸಿನ ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿಬಂದು, ರೆಡ್ ವೈನ್ ಅಭ್ಯಾಸ ಇದೆಯೇ ಎಂದು ಕೇಳಿದಾಗಲೂ ತಲೆ ತಾನಾಗಿಯೇ ಆಡಿತು. ನಿಜ ಹೇಳಬೇಕೆಂದರೆ, ನಮ್ಮದು ಹಣೆಗೆ ವಿಭೂತಿ ಬೀಳದೆ ಕಾಫಿ ಕುಡಿಯದ ಮನೆ. ದ್ರಾಕ್ಷಿ ನನ್ನ ಹೊಟ್ಟೆ ಸೇರಿದ್ದು ಹಣ್ಣಾಗಿ, ಇಲ್ಲವೇ ಕೇಸರಿಬಾತಿನ ಮೇಲೆ ಕೂತು.

ಪ್ರತೀಕ ಒಂದೇ ತೋಟದ, ಒಂದೇ ವರ್ಷದ ಎರಡು ಬಾಟಲಿ ತಂದಿದ್ದ. ಒಂದನ್ನು ಈಗ ಕುಡಿಯುವುದು, ಇನ್ನೊಂದನ್ನು ಹನ್ನೆರಡು ವರ್ಷ ತಂಪಿನಲ್ಲಿ ಮಲಗಿಸಿಟ್ಟು, ಏನಾಗಿದೆ ಎಂದು ಆಮೇಲೆ ನೋಡುವುದು ಅವನ ಯೋಜನೆ. ಭಾನುವಾರ ಮಧ್ಯಾಹ್ನ ಮಹಡಿ ಹತ್ತಿದೆ. ನನ್ನ ಮೇಲೆ ಕಣ್ಣಿಡಲು ಹೆಂಡತಿ ಗಿರಿಜೆಯೂ ಬಂದು ಬಾಗಿಲಲ್ಲೇ ನಿಂತಳು. ಮೊದಲು ಗ್ಲಾಸು ತಿರುಗಿಸಬೇಕಂತೆ, ಆಮೇಲೆ ಮೂಸಬೇಕಂತೆ, ಕುಡಿಯುವುದು ಕೊನೆಗಂತೆ. ತೊಗಲು, ಸಿಗಾರಿನ ಪೆಟ್ಟಿಗೆ, ಒದ್ದೆ ಮಣ್ಣು ಎಲ್ಲದರ ವಾಸನೆಯೂ ಬರುತ್ತದೆ ಎಂದು ಅವನು ಮೊಬೈಲ್ ನೋಡಿ ಓದಿದ. ಬನಶಂಕರಿಯಲ್ಲಿ ಮೂವತ್ತು ವರ್ಷ ಬಣ್ಣದಂಗಡಿ ನಡೆಸಿದ ಮೂಗು ನನ್ನದು. ಟರ್ಪೆಂಟೈನ್ ಬಿಟ್ಟರೆ ಬೇರೆ ಯಾವುದಕ್ಕೂ ಅದು ಅಲುಗುವುದಿಲ್ಲ. ಆದರೂ ಕುತೂಹಲ ಕೇಳಬೇಕಲ್ಲ, ಎಷ್ಟು ಬಗ್ಗಿ ಮೂಸಿದೆನೆಂದರೆ ಮೂಗಿನ ತುದಿ ಒದ್ದೆಯಾಯಿತು.

ಒಂದು ಗುಟುಕು ಕುಡಿದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಹೇಗಿದೆ ಎಂದು ಪ್ರತೀಕ ಕೇಳಿದರೆ ಆ ದಿನ ಮಾತ್ರ ತಲೆ ಅಲುಗಲಿಲ್ಲ. ನಾಲಿಗೆ ಹಿಡಿದುಕೊಂಡಿದೆ ಎಂದು ಹೇಗೋ ಹೇಳಿದೆ.

"ಅದು ಒಗರು ಕಣ್ರೀ. ಮಾಗದ ನೇರಳೆಹಣ್ಣು ತಿಂದಂಗೆ," ಎಂದಳು ಗಿರಿಜೆ ನಿಂತಲ್ಲಿಂದಲೇ. "ಇಟ್ರೆ ಸರಿಹೋಗುತ್ತೆ."

ಪ್ರತೀಕ ಕುರ್ಚಿಯಿಂದ ಎದ್ದೇಬಿಟ್ಟ. ಅಲ್ಲಿನವರು ಟ್ಯಾನಿನ್ ಟ್ಯಾನಿನ್ ಎಂದು ಅರ್ಧ ದಿನ ವಿವರಿಸಿದ್ದು ಇದನ್ನೇ ಅಂತೆ. ಈ ಒಗರು ಮಾಗಿದರೇನೇ ವೈನ್ ದೊಡ್ಡದಾಗುವುದಂತೆ. ತೊಟ್ಟೂ ಮುಟ್ಟದ ಗಿರಿಜೆ ಪಂಡಿತೆಯಾದಳು. ನಾನು ಇನ್ನೊಂದು ಗುಟುಕು ಕುಡಿದೆ. ಈ ಸಲ ಒಗರಿನ ಹಿಂದಿನಿಂದ ಏನೋ ಒಂದು ಇಣುಕಿತು. ಒಣದ್ರಾಕ್ಷಿಯಲ್ಲ, ನೇರಳೆಯೂ ಅಲ್ಲ. ಏನೆಂದು ತಿಳಿಯುವಷ್ಟರಲ್ಲಿ ನುಂಗಿಬಿಟ್ಟಿದ್ದೆ. ಅದನ್ನು ಸರಿಯಾಗಿ ನೋಡಬೇಕಾದರೆ ಹನ್ನೆರಡು ವರ್ಷ ಕಾಯಬೇಕು ಎಂದ ಪ್ರತೀಕ.

ಮಹಡಿ ಮನೆ ಬಿಸಿಲಿಗೆ ಕಾಯುತ್ತದೆಂದು ಎರಡನೇ ಬಾಟಲಿ ನಮ್ಮ ಉಗ್ರಾಣಕ್ಕೆ ಬಂತು. ಗಿರಿಜೆ ಅದನ್ನು ಉಪ್ಪಿನಕಾಯಿ ಜಾಡಿಗಳ ಹಿಂದೆ ಮಲಗಿಸಿ, ಜಾಡಿಗಿರುವ ಕಾನೂನನ್ನೇ ಅದಕ್ಕೂ ಹಾಕಿದಳು: ಯಾರೂ ಮುಟ್ಟುವಂತಿಲ್ಲ. ಆಗಲೇ ನಾನು ಲೆಕ್ಕ ಹಾಕಿದ್ದು. ನನಗೀಗ ಅರವತ್ಮೂರು. ಬಾಟಲಿ ತೆರೆಯುವಾಗ ಎಪ್ಪತ್ತೈದು. ನನ್ನ ಶುಗರ್, ಬಿಪಿ ನೋಡಿದರೆ ಬಾಟಲಿ ಮಾಗುವುದು ಖಂಡಿತ, ನಾನಿರುವುದು ಅನುಮಾನ. ಭಯವೇ ಆಯಿತು. ಮರುದಿನದಿಂದ ಪಾರ್ಕಿನಲ್ಲಿ ನಾಲ್ಕು ಸುತ್ತು ನಡಿಗೆ. ಕಾಫಿಗೆ ಸಕ್ಕರೆ ನಿಂತಿತು. ಷಡ್ಡಕನ ಮಗಳ ಮದುವೆಯಲ್ಲಿ ಎಲೆಗೆ ಬಂದ ಹೋಳಿಗೆಗೆ ಕೈ ಅಡ್ಡ ಹಿಡಿದೆ.

ಮೂರು ತಿಂಗಳ ಮೇಲೆ ಡಾಕ್ಟರು ರಿಪೋರ್ಟ್ ನೋಡಿ, ಏನು ಮಾಡಿದಿರಿ ಎಂದು ಬೆರಗಾದರು. ಕುಡಿಯುವುದಕ್ಕೋಸ್ಕರ ಎಂದು ಹೇಳಲಾದೀತೇ? ಮನಸ್ಸು ಮಾಡಿದೆ ಎಂದೆ. ಜೊತೆಗೆ ಬಂದಿದ್ದ ಗಿರಿಜೆ ರಿಪೋರ್ಟ್ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಟೋದಲ್ಲಿ ಬರುವಾಗ ರಸ್ತೆ ನೋಡುತ್ತಲೇ ಹೇಳಿದಳು:

"ನಂಗೋಸ್ಕರ ವಾಕಿಂಗ್ ಹೋಗಿ ಅಂತ ಹತ್ತು ವರ್ಷ ಬಡ್ಕೊಂಡೆ. ಒಂದು ಬಾಟ್ಲಿಗೋಸ್ಕರ ಹೋದ್ರಿ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಮರುದಿನ ಪಾರ್ಕಿನಲ್ಲಿ ಒಂದು ಸುತ್ತು ಹೆಚ್ಚಿಗೆ ನಡೆದು, ಏದುಸಿರು ಬಿಡುತ್ತ ಮನೆಗೆ ಬಂದು, ಐದನೇ ಸುತ್ತು ನಿನಗೋಸ್ಕರ ಕಣೇ ಎಂದೆ.

"ಉಳಿದ ನಾಲ್ಕು?" ಎಂದಳು ಗಿರಿಜೆ.