ಎಂಟುನೂರ ಹನ್ನೆರಡು ವರದಿ, ಒಂದು ಕುಂಟ ನಾಯಿ

ಮಾವ: ಎಲ್ಲಾ ಒಟ್ಟಿಗೆ ಹಾಕ್ಬೇಡ ಅಂದೆ ಕಣೇ! ಒಂದೊಂದಾಗಿ ಮಾಡು. ದಿನಕ್ಕೊಂದು.

ಪುಟ್ಟಿ: ಎಂಟುನೂರ ಹನ್ನೆರಡು ವರದಿ ಇದೆ ಮಾವ. ದಿನಕ್ಕೊಂದು ಅಂದ್ರೆ ಎರಡು ವರ್ಷದ ಮೇಲಾಗುತ್ತೆ.

ಮಾವ: ಆಗಲಿ ಬಿಡು. ನನ್ನ ಸರ್ವೀಸ್ ಇನ್ನು ಮೂರೇ ತಿಂಗಳು. ಆಮೇಲೆ, ಆಫೀಸಲ್ಲಿ ಮಾವ ಗೀವ ಅನ್ಬೇಡ.

ಪುಟ್ಟಿ: ಸರಿ ಸರ್. ಆದ್ರೆ ಬಟನ್ ಒತ್ತಿಬಿಟ್ಟೆ ಸರ್, ಎಲ್ಲಾ ಒಟ್ಟಿಗೇ ಬಂತು.

ಬೀದಿದೀಪ ಉರಿಯುತ್ತಿಲ್ಲ ಎಂದು ಯಾರಾದರೂ ದೂರು ಕೊಟ್ಟರೆ ಸ್ಥಳಕ್ಕೆ ಹೋಗಿ, ನೋಡಿ, ವರದಿ ಬರೆಯುವುದು ಮಾವನ ಕೆಲಸ. ಒಂಬತ್ತು ವರ್ಷದ ವರದಿಗಳು ಕಂಪ್ಯೂಟರಿನಲ್ಲಿ ಯಾರ ತಂಟೆಗೂ ಹೋಗದೆ ತಮ್ಮ ಪಾಡಿಗೆ ತಾವಿದ್ದವು. ಅವನ್ನೆಲ್ಲ ಒಂದೇ ಎಕ್ಸೆಲ್ ಶೀಟಿಗೆ ತರಬೇಕು, ನಾಳೆ ಮೇಲಿನ ಆಫೀಸಿಗೆ ಕಳಿಸಬೇಕು ಎಂದು ಮಾವನ ಮೇಲಧಿಕಾರಿ ಮೇಡಂ ಹುಕುಂ ಮಾಡಿದ್ದರು. ತಂಗಿಯ ಮಗಳು ಪುಟ್ಟಿಯನ್ನು ಅವರಿವರ ಕಾಲು ಹಿಡಿದು ಆಪರೇಟರ್ ಕೆಲಸಕ್ಕೆ ಸೇರಿಸಿದ್ದು ಈ ಮಾವನೇ. ಕಳಂಕವಿಲ್ಲದೆ ಹಾರ ಹಾಕಿಸಿಕೊಂಡು ಮನೆಗೆ ಹೋಗಬೇಕೆಂದಿದ್ದ ಮನುಷ್ಯನಿಗೆ ಈಗ ಆ ಕಾಲು ಹಿಡಿದ ಕೈಗಳ ಮೇಲೇ ಸಿಟ್ಟು ಬರುತ್ತಿತ್ತು.

ಪುಟ್ಟಿ: ಸರ್, ಇದೇನ್ ಸರ್? ಬೀದಿ ಬೇರೆ, ತಾರೀಕು ಬೇರೆ, ದೂರು ಕೊಟ್ಟೋರ ಹೆಸರು ಬೇರೆ. ಆದ್ರೆ ನಾಯಿ ಒಂದೇ!

ಮಾವ: ಯಾವ ನಾಯಿ?

ಪುಟ್ಟಿ: "ಬೆಳಿಗ್ಗೆ ಹನ್ನೊಂದೂವರೆಗೆ ಖುದ್ದಾಗಿ ಹೋಗಿ ಪರಿಶೀಲಿಸಲಾಗಿ, ದೀಪವು ಚೆನ್ನಾಗಿ ಉರಿಯುತ್ತಿತ್ತು. ಅಷ್ಟರಲ್ಲಿ ಒಂದು ಕುಂಟ ನಾಯಿ ಅಟ್ಟಿಸಿಕೊಂಡು ಬಂದಿದ್ದರಿಂದ ಹಿಂದಿರುಗಿದೆ." ಮೊದಲನೇ ಸಾಲಿಂದ ಕಡೇ ಸಾಲಿನ ತನಕ ಇದೇ ಸರ್!

ಮಾವ: ಬೀದಿ ಅಂದ್ಮೇಲೆ ನಾಯಿ ಇರಲ್ವೇನೇ?

ಪುಟ್ಟಿ: ಒಂದೇ ದಿನ ಹನ್ನೊಂದು ಬೀದೀಲಿ ಅಟ್ಟಿಸಿಕೊಂಡು ಬಂದಿದೆ. ಅದೂ ಹನ್ನೊಂದೂ ಕಡೆ ಹನ್ನೊಂದೂವರೆಗೇ. ಕುಂಟ ನಾಯಿ ಬೇರೆ!

ಮಾವ: ಚುರುಕಾಗಿತ್ತು.

ಪುಟ್ಟಿ: ಹನ್ನೊಂದೂವರೆ ಬಿಸಿಲಲ್ಲಿ ಬೀದಿದೀಪ ಯಾಕೆ ಉರೀತಿತ್ತು ಸರ್?

ಮಾವ: ಉರಿಯಲ್ಲ ಅಂತ ತಾನೆ ದೂರು? ಉರೀತಿದೆ ಅಂತ ಬರೆದೆ. ಅದಕ್ಕೂ ತಕರಾರಾ?

ಮಾವ ಹಣೆ ಒರೆಸಿಕೊಂಡರು. ಬಾಗಿಲು ಹಾಕಿ ಬಂದು ತಗ್ಗಿದ ದನಿಯಲ್ಲಿ ಮಾತಾಡಿದರು. ಮೊಟ್ಟಮೊದಲ ದೂರಿಗೆ ಅವರು ನಿಜವಾಗಿಯೂ ಹೋಗಿದ್ದರು. ನಾಯಿಯೂ ನಿಜವಾಗಿಯೇ ಬಂದಿತ್ತು. ಅಂದಿನಿಂದ ಅದೇ ವರದಿ ತೆರೆದು ಬೀದಿ, ತಾರೀಕು, ಹೆಸರು ಬದಲಿಸಿ ಸಹಿಗೆ ಇಡುತ್ತಿದ್ದರು.

ಮಾವ: ಒಂದು ನಿಜವನ್ನ ಎಂಟುನೂರ ಹನ್ನೆರಡು ಸಲ ಬರೆದಿದ್ದೀನಿ ಪುಟ್ಟಿ. ಇದರಲ್ಲಿ ಸುಳ್ಳೆಲ್ಲಿ ಬಂತು? ಬಿಡಿಬಿಡಿಯಾಗಿದ್ದಾಗ ಎಷ್ಟು ಲಕ್ಷಣವಾಗಿದ್ವು! ಸಾಲಾಗಿ ನಿಲ್ಲಿಸಿ ನನ್ನ ಮಾನ ಕಳೆದೆಯಲ್ಲೇ!

ಪುಟ್ಟಿ: ನಾನೂರ ಏಳನೇ ಸಾಲು ನೋಡಿ. ನಮ್ಮ ಬೀದಿ. ದೂರು ಕೊಟ್ಟಿರೋದು ನಮ್ಮಮ್ಮ.

ಮಾವ: ನನ್ನ ತಂಗೀನಾ? ನನಗೊಂದು ಮಾತು ಹೇಳಬಾರದಿತ್ತಾ?

ಪುಟ್ಟಿ: ಹೇಳಿದ್ಲಲ್ಲ, ಬರವಣಿಗೇಲಿ. ವರದೀಲಿ ಅವಳ ಹೆಸರು ನೀವೇ ಟೈಪ್ ಮಾಡಿದ್ದೀರಿ. ಕತ್ತಲಲ್ಲಿ ಮುಗ್ಗರಿಸಿ ಕಾಲು ಉಳುಕಿಸಿಕೊಂಡು ಎರಡು ತಿಂಗಳು ಮಲಗಿದ್ಲು. ಹಣ್ಣು ತಂದುಕೊಟ್ಟು ಹೋದ್ರಿ, ಕಂಬ ನೋಡ್ಲಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮೇಡಂ ಒಳಗೆ ಬಂದರು. ಕನ್ನಡಕ ಏರಿಸಿ, ಪರದೆಯ ಹತ್ತಿರ ಬಗ್ಗಿ ಒಂದು ಸಾಲು ಓದಿದರು. ಎರಡನೆಯದು ಓದಿದರು. ಮೂರನೆಯದಕ್ಕೆ ಮುಖ ಕೆಂಪಾಯಿತು.

ಮೇಡಂ: ಏನ್ರೀ ಇದು? ಒಂಬತ್ತು ವರ್ಷ ನಾಯಿ ತೋರಿಸಿ ಸಂಬಳ ತಗೊಂಡ್ರಾ? ನಿಮ್ಮಂಥೋರಿಂದಲೇ ಆಫೀಸಿನ ಮರ್ಯಾದೆ ಹೋಗ್ತಿರೋದು! ನಾಳೇನೇ ವಿಚಾರಣೆ ಇಡ್ತೀನಿ. ಹಾರಾನೂ ಇಲ್ಲ, ಬೀಳ್ಕೊಡುಗೇನೂ ಇಲ್ಲ!

ಮಾವ: ಮೇಡಂ, ಮೂರೇ ತಿಂಗಳು ಉಳಿದಿದೆ...

ಪುಟ್ಟಿ: ಮೇಡಂ, ಬಲಗಡೆ ಇನ್ನೊಂದು ಕಾಲಂ ಇದೆ. "ಮೇಲಧಿಕಾರಿಗಳ ಷರಾ." ಅದನ್ನೂ ಓದಿಬಿಡ್ಲಾ?

ಮೇಡಂ: ಓದು, ಓದು. ಎಲ್ಲಾ ಹೊರಗೆ ಬರಲಿ.

ಪುಟ್ಟಿ: "ಈ ವರದಿಯನ್ನು ಅಕ್ಷರ ಬಿಡದೆ ಓದಿದ್ದೇನೆ, ಒಪ್ಪಿದ್ದೇನೆ." ಎಂಟುನೂರ ಹನ್ನೆರಡು ಸಲ ಇದೆ ಮೇಡಂ. ಕೆಳಗೆ ನಿಮ್ಮ ಹೆಸರು.

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕೊಳೆಯೇ ಇಲ್ಲದ ಗಾಜನ್ನು ಇನ್ನೊಮ್ಮೆ ಒರೆಸಿದರು.

ಮೇಡಂ: ನೋಡಮ್ಮ, ಈ ಕಂಪ್ಯೂಟರನ್ನ ಪೂರ್ತಿ ನಂಬಬಾರದು. ಎಲ್ಲಾ ಒಟ್ಟಿಗೆ ಹಾಕಿದ್ರೆ ಅದಕ್ಕೂ ತಲೆ ಕೆಡುತ್ತೆ. ಈ ಶೀಟ್ ಅಳಿಸಿಬಿಡು. ಮೇಲಿನೋರಿಗೆ ಕೆಲಸ ನಡೀತಿದೆ ಅಂತ ಬರೀ.

ಪುಟ್ಟಿ: ಮತ್ತೆ ಹೇಗೆ ಮಾಡ್ಲಿ ಮೇಡಂ?

ಮೇಡಂ: ನಿಧಾನವಾಗಿ, ಒಂದೊಂದಾಗಿ. ದಿನಕ್ಕೊಂದು ಸಾಕು. ನನ್ನ ಸರ್ವೀಸೂ ಇನ್ನು ಎರಡೇ ವರ್ಷ.

ಬಂದ ವೇಗಕ್ಕಿಂತ ಬೇಗ ಅವರು ಹೊರಟುಹೋದರು. ಮಾವನ ಎದೆ ಮತ್ತೆ ಹಾರದಳತೆಗೆ ಉಬ್ಬಿತು.

ಮಾವ: ಬೆಳಿಗ್ಗೆಯಿಂದ ನಾನು ಬಡ್ಕೊಂಡಿದ್ದೂ ಇದನ್ನೇ ಅಲ್ವೇನೇ? ಅನುಭವ ಅಂದ್ರೆ ಸುಮ್ನೆ ಅಲ್ಲ!

ಪುಟ್ಟಿ ಶೀಟ್ ಅಳಿಸಿದಳು. ಬ್ಯಾಗು ಹೆಗಲಿಗೇರಿಸಿದಳು.

ಪುಟ್ಟಿ: ಅಂದಹಾಗೆ ಮಾವ, ರಾತ್ರಿ ಊಟಕ್ಕೆ ಬರಬೇಕಂತೆ, ಅಮ್ಮ ಹೇಳಿದ್ದಾಳೆ.

ಮಾವ: ಬರದೆ ಇರ್ತೀನಾ? ತಂಗಿ ಮನೆ!

ಪುಟ್ಟಿ: ಬರುವಾಗ ಟಾರ್ಚ್ ತನ್ನಿ. ಆಮೇಲೆ, ಕೈಯಲ್ಲೊಂದು ಕೋಲಿರಲಿ. ನಮ್ಮ ಬೀದೀಲಿ ನಾಯಿ ಇದೆ ಅಂತ ನೀವೇ ಬರೆದಿದ್ದೀರಿ.